ಗುಡಾಣದ ಹುಳಿ

ನೂರಾ ನಲವತ್ತು ತಲೆ, ಹನ್ನೊಂದು ಮೇಜು.
ನೋಟುಬುಕ್ಕಿನಲ್ಲಿ ಎಡಕ್ಕೆ ತಿನ್ನುವುದು, ಬಲಕ್ಕೆ ಕುಡಿಯುವುದು,
ನಡುವೆ ಸ್ಕೇಲಿಟ್ಟು ಎಳೆದ ಗೆರೆ.
ಮೂವತ್ತು ವರ್ಷದ ಕಸುಬು ಇದು.
ತೆರ್ಜೋಲಾದ ಸುತ್ತಿನ ಹಳ್ಳಿಗಳಲ್ಲಿ
ತ್ಸಿಯಾಲಾ ಮೆಟ್ಟಿಲು ಹತ್ತಿದಳೆಂದರೆ
ಮದುವೆ ನಿಕ್ಕಿಯಾಯಿತೆಂದೇ ಲೆಕ್ಕ.

ಕೊಬ್ಬಿಗೆ ಹುಳಿ. ಉಪ್ಪಿಗೆ ತುಸು ಸಿಹಿ.
ಒಲೆಯಿಂದಿಳಿದ ಚೀಸಿನ ರೊಟ್ಟಿಗೆ
ನಾಲಿಗೆ ತೊಳೆಯುವಂಥ ಬಿಳಿ ವೈನು.
ಬೆಳ್ಳುಳ್ಳಿ ಜೋರಾದಲ್ಲಿ ಸುಮ್ಮನೆ ತಣ್ಣೀರು.
ಯಾರೂ ಹೇಳಿಕೊಟ್ಟದ್ದಲ್ಲ,
ಉಂಡವರ ಮುಖ ನೋಡಿ ಕಲಿತೆ:
ಗುಟುಕಿನ ನಂತರ ಕೈ ಮತ್ತೆ ತಟ್ಟೆಗೆ ಹೋದರೆ ಜೋಡಿ ಕೂಡಿತು,
ಬರೀ ಲೋಟಕ್ಕೇ ಹೋದರೆ ಅಡುಗೆ ಸೋತಿತು.

ಈ ಸಲದ ತೊಡಕೇ ಬೇರೆ.
ಹುಡುಗಿ ಕೇಡಾದವಳು, ಬೆಟ್ಟದಾಚೆ, ಕಡಲಿನ ದಿಕ್ಕು.
ಅವಳಜ್ಜ ಅಸ್ಲಾನ್ ಐದು ಹೊತ್ತಿನ ನಮಾಜಿನವರು;
ಅವರ ಕಡೆಯ ಅರವತ್ತು ಮಂದಿ ವೈನಿನ ಹನಿ ಮುಟ್ಟದವರು.
ಈ ತುದಿಗೆ ಗುರಾಮ್, ವರನ ತಂದೆ,
ಗ್ಲಾಸೆತ್ತದೆ ಹರಸಿದರೆ ತಾಗುವುದಿಲ್ಲ ಎನ್ನುವವ.
ಮಗ ಹುಟ್ಟಿದ ವರ್ಷ, ಕರೆಂಟಿಲ್ಲದ ಆ ಚಳಿಗಾಲಕ್ಕೆ ಮುಂಚೆ,
ನೆಲದಲ್ಲಿ ಹೂತ ಗುಡಾಣ ತುಂಬಿಸಿ
ಮುಚ್ಚಳಕ್ಕೆ ಜೇಡಿ ಮೆತ್ತಿದವ.
‘ಇಪ್ಪತ್ತೇಳು ವರ್ಷ, ತ್ಸಿಯಾಲಾ!
ಇದರ ಜೊತೆ ಏನು ಬಡಿಸುತ್ತೀ?’

ಬರೆದೆ: ಅಸ್ಲಾನರ ಮೇಜುಗಳಿಗೆ ತರ್ಹೂನ್, ಆ ಎಲೆಹಸಿರು ಸೋಡಾ;
ಚೆರ್ರಿ ಶರಬತ್ತು; ಕೊನೆಗೆ ಕಪ್ಪು ಚಹಾ.
ಉಳಿದವರಿಗೆ ಗುಡಾಣ.
ಬರೆದು ನೋಡಿದರೆ
ಪುಸ್ತಕದ ಗೆರೆ ಎದ್ದುಹೋಗಿ
ಚಪ್ಪರದ ನಡುವೆ ಅಡ್ಡ ಮಲಗಿತ್ತು.

ಗುರುವಾರ ಜೇಡಿ ಒಡೆದರು.
ವಾಸನೆ ನಮಗಿಂತ ಮೊದಲು ಅಂಗಳ ದಾಟಿತು.
ಗುರಾಮ್ ಒಂದು ಸೌಟು ಕುಡಿದ. ಮಾತಾಡಲಿಲ್ಲ.
ಇನ್ನೊಂದು ಕುಡಿದ, ಸುಳ್ಳಿರಬಹುದೇನೋ ಎಂಬಂತೆ.
‘ಸಲಾಡಿಗಾದೀತು’ ಎಂದಳು ಹೆಂಡತಿ ನಾಝಿಬ್ರೋಲಾ,
ನಗು ತಡೆಯಲಾಗದೆ ನಕ್ಕು, ಆಮೇಲೆ
ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

ನಾನೂ ಬೆರಳದ್ದಿ ನೆಕ್ಕಿದೆ.
ಗಂಟಲು ಒಪ್ಪದು. ಆದರೆ ನಾಲಿಗೆಯ ಅಂಚಿನಲ್ಲಿ
ಮಾಗಿದ ಕ್ವಿನ್ಸ್ ಹಣ್ಣಿನ ನೆನಪೊಂದು ಉಳಿಯಿತು.
ಅಯ್ಯೋ, ಇದು ಲೋಟದ ಸರಕೇ ಅಲ್ಲ!
ಬಲಗಡೆ ಹೊಡೆದುಹಾಕಿ ಎಡಗಡೆಗೆ ಬರೆದೆ.

ಒಂಬತ್ತು ಕಿಲೋ ಆಕ್ರೋಟು, ಎಣ್ಣೆ ಬಿಡುವ ತನಕ ಅರೆದದ್ದು.
ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಗಿದ ಚೆಂಡುಹೂವಿನ ಪುಡಿ.
ಟರ್ಕಿ ಕೋಳಿಗಳನ್ನು ಹುಡುಗಿಯ ಸೋದರಮಾವನೇ ಬಂದು
ಬಿಸ್ಮಿಲ್ಲಾ ಹೇಳಿ ಕೊಯ್ದ.
ಎಲ್ಲಕ್ಕೂ ಮೇಲೆ, ಅಳೆದಳೆದು, ಆ ಗುಡಾಣದ ಹುಳಿ.
ಸತ್ಸಿವಿ. ತಣ್ಣಗಾದ ಮೇಲೇ ಬಡಿಸುವಂಥದ್ದು.

ಬಚ್ಚಿಟ್ಟು ಉಣಿಸುವ ಜಾತಿ ನನ್ನದಲ್ಲ. ಫೋನು ಮಾಡಿದೆ.
‘ವೈನಾಗಿತ್ತು ಅಜ್ಜ, ಈಗಲ್ಲ.’
ಆ ಕಡೆ ಕೆಟಲ್ ಕುದಿಯುವ ಸದ್ದು.
‘ಯಾರಾದರೂ ಏನಾದರೂ ಬೆರೆಸಿದರೋ?’
‘ಇಲ್ಲ. ತಾನಾಗಿಯೇ ಹುಳಿತದ್ದು.’
‘ಹಾಗಿದ್ದರೆ ವಿನೆಗರ್.
ನಮ್ಮ ಅಡುಗೆಮನೆಯಲ್ಲೂ ಇದೆಯಲ್ಲಮ್ಮ.’

ಶನಿವಾರ ಗುರಾಮ್ ಎತ್ತಿದ್ದು ಪಕ್ಕದ ಮನೆಯ ವೈನು.
ಯಾವ ತಟ್ಟೆಯ ಕಡೆಗೂ ನೋಡಲಿಲ್ಲ.
ಅಸ್ಲಾನ್ ಜೋಳದ ರೊಟ್ಟಿಯಲ್ಲಿ ತಟ್ಟೆ ಬಳಿದು,
ಇನ್ನೊಂದು ಸಲ ಹಾಕಿಸಿಕೊಂಡು, ಅದನ್ನೂ ಬಳಿದು,
ಹಸಿರು ಸೋಡಾ ಹಿಡಿದು ಎದ್ದು ನಿಂತರು:
‘ಗುರಾಮ್, ನನ್ನ ಅಳಿಯನಷ್ಟೇ ವಯಸ್ಸಂತೆ ಈ ಹುಳಿಗೆ.
ಹುಡುಗನೂ ಹೀಗೆಯೇ ಹೊಂದಿಕೊಳ್ಳಲಿ.’
‘ಮೊಮ್ಮಗಳ ಗಂಡ’ ಎಂದು ಯಾರೋ ತಿದ್ದಿದರು.
ಗುರಾಮ್ ಕೊನೆಗೂ ಒಂದು ತುಂಡು ರೊಟ್ಟಿ ಮುರಿದ.

ಅರ್ಧ ಗುಡಾಣ ಇನ್ನೂ ಇದೆ,
ನಾಝಿಬ್ರೋಲಾ ಸೀಸೆಗೆ ಹಾಕಿ ನೆಂಟರಿಗೆಲ್ಲ ಹಂಚುತ್ತಿದ್ದಾಳೆ.
ನನ್ನ ಪುಸ್ತಕದಲ್ಲಿ ಆ ಸಾಲಿನ ಬಲಗಡೆ ಮಾತ್ರ ಖಾಲಿ.
ತರ್ಹೂನ್ ಆಗಬಹುದಿತ್ತು,
ಸಿಹಿ ಒಂದು ಚೂರು ಹೆಚ್ಚಾಯಿತು.